ಜೇನು ಅಟ್ಟಿಬರುವ ನಗರ: ಹಳೆಯ ವಿಡಿಯೋ ಗೇಮೊಂದರ ಗುಣ-ದೋಷ

ಆಟವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ನಮ್ಮಲ್ಲಿ ಅಷ್ಟಾಗಿ ರೂಢಿಯಿಲ್ಲ. ಕಾವ್ಯಕ್ಕೆ ಗುಣವುಂಟು, ದೋಷವುಂಟು, ಔಚಿತ್ಯವುಂಟು. ಅವುಗಳನ್ನು ಕುರಿತು ನಮ್ಮ ಆಲಂಕಾರಿಕರು ಗ್ರಂಥಗಳನ್ನೇ ಬರೆದಿಟ್ಟಿದ್ದಾರೆ. ನಾಟಕಕ್ಕೆ ವಿಮರ್ಶಕರಿದ್ದಾರೆ, ಸಂಗೀತಕ್ಕೆ ರಸಿಕರಿದ್ದಾರೆ. ಚಲನಚಿತ್ರವೂ ಆ ಪಂಕ್ತಿಯಲ್ಲಿ ತನ್ನ ಎಲೆ ಹಾಕಿಸಿಕೊಂಡಿದೆ. ಆಟಕ್ಕೆ ಮಾತ್ರ ಗೆಲವು, ಸೋಲು ಎಂಬ ಎರಡೇ ಮಾತು. ಆಡಿದವನು ಗೆದ್ದನೆ, ಸೋತನೆ ಎಂದು ಕೇಳುತ್ತೇವೆಯೇ ಹೊರತು, ಆಟವೇ ಗೆದ್ದಿತೆ, ಸೋತಿತೆ ಎಂದು ಕೇಳುವುದಿಲ್ಲ. ಅದರಲ್ಲಿಯೂ ವಿಡಿಯೋ ಗೇಮ್ ಎಂದೊಡನೆ ಉಪಾಧ್ಯಾಯರ ಹುಬ್ಬು ಗಂಟಿಕ್ಕುತ್ತದೆ. ತಾಯಿತಂದೆಗಳು ನಿಟ್ಟುಸಿರು ಬಿಡುತ್ತಾರೆ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ನಮ್ಮ ಹರವೆಯಂಥ ಊರಿನಲ್ಲಿಯೂ ಇಂದು ಅರಿಸಿನದ ಹೊಲದ ಬದುವಿನ ಮೇಲೆ ಕುಳಿತ ಹುಡುಗನ ಕೈಯಲ್ಲಿ ಮೊಬೈಲು ಇರುತ್ತದೆ, ಮೊಬೈಲಿನೊಳಗೆ ಆಟವಿರುತ್ತದೆ. ಹೀಗಿರುವಾಗ ‘ಆಡಬೇಡ’ ಎಂದು ಗದರಿಸಿ ಸುಮ್ಮನಾಗುವುದಕ್ಕಿಂತ, ಆಟವೆಂಬುದು ಯಾವ ಬಗೆಯ ಕೃತಿ, ಅದರಲ್ಲಿ ಒಳ್ಳೆಯದಾವುದು, ಕೆಟ್ಟದಾವುದು ಎಂದು ವಿವೇಚಿಸುವುದು ಲೇಸೆಂದು ನನಗೆ ತೋರುತ್ತದೆ. ಹೊಸದನ್ನು ಅಳೆಯಬೇಕಾದರೆ ಹಳೆಯದೊಂದು ಅಳತೆಗೋಲು ಬೇಕು. ಅದಕ್ಕಾಗಿ ನಾನು ಆರಿಸಿಕೊಂಡಿರುವುದು 1986ರಲ್ಲಿ ಅಮೆರಿಕದ ಅಟಾರಿ ಗೇಮ್ಸ್ ಸಂಸ್ಥೆ ಹೊರತಂದ ‘720 ಡಿಗ್ರಿ’ ಎಂಬ ಆಟವನ್ನು.

ಇದು ಸ್ಕೇಟ್‌ಬೋರ್ಡಿನ ಆಟ. ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಪುಟ್ಟ ಗಾಲಿಗಳ ಮೇಲೆ ಕೂರಿಸಿದ ಒಂದು ಹಲಗೆ. ಅದರ ಮೇಲೆ ನಿಂತು ಕಾಲಿನಿಂದ ನೆಲವನ್ನು ಮೀಟಿ ಸಾಗುವುದು. ನಮ್ಮ ಕಡೆಯ ಹುಡುಗರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಮೆಕ್ಯಾನಿಕ್ ಎಸೆದ ಬೇರಿಂಗುಗಳನ್ನು ಆಯ್ದುಕೊಂಡು ಬಂದು, ಹಲಗೆಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಗರ್ರೆಂದು ಬಿಡುವ ಬೇರಿಂಗ್ ಗಾಡಿ ಅವರಿಗೆ ಗೊತ್ತು. ಸ್ಕೇಟ್‌ಬೋರ್ಡೂ ಅದರ ದಾಯಾದಿಯೇ. ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಅಲೆಯ ಮೇಲೆ ಹಲಗೆಯೇರಿ ಆಡುತ್ತಿದ್ದವರು, ಅಲೆಯಿಲ್ಲದ ದಿನಗಳಲ್ಲಿ ಗಾಲಿಗಳನ್ನು ಹಲಗೆಗೆ ಬಡಿದು ನೆಲದ ಮೇಲೆಯೇ ಅಲೆಯನ್ನು ಹುಡುಕಿಕೊಂಡು ಹೊರಟರು. 1950ರ ದಶಕದಲ್ಲಿ ಈ ಆಟ ಬೇರುಬಿಟ್ಟಿತು. 1970ರ ದಶಕದಲ್ಲಿ ಯುರೆಥೇನ್ ಎಂಬ ಮೆತ್ತನೆಯ ವಸ್ತುವಿನ ಗಾಲಿಗಳು ಬಂದಮೇಲೆ ನೆಲದ ಮೇಲೆ ಹಿಡಿತ ಹೆಚ್ಚಿತು. 1976-77ರಲ್ಲಿ ಕ್ಯಾಲಿಫೋರ್ನಿಯಕ್ಕೆ ಬರ ಬಂದಾಗ ಸಿರಿವಂತರ ಮನೆಯ ಈಜುಕೊಳಗಳು ಬರಿದಾದುವು. ಹುಡುಗರು ಆ ಬರಿಗೊಳಗಳ ಬಾಗಿದ ಗೋಡೆಗಳ ಮೇಲೆ ಹಲಗೆಯೇರಿ ಮೇಲಕ್ಕೆ ಹಾರುವುದನ್ನು ಕಲಿತರು. ಬರದಿಂದಲೂ ಒಂದು ಕಲೆ ಹುಟ್ಟಬಲ್ಲುದೆಂಬುದು ಮಳೆಯನ್ನು ಕಾದು ಕುಳಿತು ಬಲ್ಲ ನಮ್ಮ ಸೀಮೆಯವರಿಗೆ ಸೋಜಿಗದ ಮಾತಾದೀತು.

ಮುಂದಿನ ವರ್ಷಗಳಲ್ಲಿ ಈ ಆಟಕ್ಕೆಂದೇ ಕಟ್ಟಿದ ಸಿಮೆಂಟಿನ ಅಂಗಳಗಳು ಎದ್ದುವು. ವಿಮೆಯ ಹಣ ಕಟ್ಟಲಾರದೆ ಅವುಗಳಲ್ಲಿ ಅನೇಕವು ಮುಚ್ಚಿಯೂ ಹೋದುವು. ಆಟಗಾರರು ಮತ್ತೆ ಬೀದಿಗೆ ಬಂದರು. ಬೀದಿಯಲ್ಲಿ ಅವರನ್ನು ಬೇಡವೆಂದು ಅಟ್ಟುವವರೇ ಹೆಚ್ಚು. ಹೀಗೆ ನಿಲ್ಲುವುದಕ್ಕೆ ನೆಲೆಯಿಲ್ಲದ ಒಂದು ಆಟದ ಚಿತ್ರವಾಗಿ ‘720 ಡಿಗ್ರಿ’ಯನ್ನು ನೋಡಿದಾಗ ಅದರ ಅರ್ಥ ತಿಳಿಯುತ್ತದೆ.

ಆಟದ ಕಥಾವಸ್ತು ಸರಳ. ‘ಸ್ಕೇಟ್ ಸಿಟಿ’ ಎಂಬೊಂದು ನಗರ. ಅದನ್ನು ಮೇಲಿನಿಂದ ಓರೆಯಾಗಿ ನೋಡುತ್ತೇವೆ. ಬೀದಿಗಳಲ್ಲಿ ಇಳಿಜಾರುಗಳು, ದಿಬ್ಬಗಳು. ನಮ್ಮ ಹುಡುಗ ಅಲ್ಲಿ ಹಲಗೆಯೇರಿ ಓಡುತ್ತಾನೆ, ಹಾರುತ್ತಾನೆ, ಗಾಳಿಯಲ್ಲಿ ಗಿರಕಿ ಹೊಡೆಯುತ್ತಾನೆ. ಪ್ರತಿಯೊಂದು ಸಾಹಸಕ್ಕೂ ಅಂಕಗಳುಂಟು. ಅಂಕಗಳು ಒಂದು ಮಟ್ಟಕ್ಕೆ ಬಂದಾಗ ಟಿಕೇಟು ದೊರೆಯುತ್ತದೆ. ಟಿಕೇಟು ಇದ್ದವನಿಗೆ ನಗರದ ನಾಲ್ಕು ಕ್ರೀಡಾಂಗಣಗಳಲ್ಲಿ ಪ್ರವೇಶ: ಒಂದು ಇಳಿಜಾರಿನ ಓಟ, ಒಂದು ಬಾವುಟಗಳ ನಡುವೆ ನುಸುಳುವ ಓಟ, ಒಂದು ಬಾಗುಗೋಡೆಯ ಮೇಲಿನ ಆಟ, ಒಂದು ಗುರಿಯಿಟ್ಟು ಹಾರುವ ಆಟ. ಅಲ್ಲಿ ಪದಕಗಳುಂಟು, ಹಣವುಂಟು. ಹಣದಿಂದ ನಗರದ ಅಂಗಡಿಗಳಲ್ಲಿ ಶಿರಸ್ತ್ರಾಣ, ಮಂಡಿ-ಮೊಳಕೈಗಳ ಕವಚ, ಬೂಟು, ಹೊಸ ಹಲಗೆ ಕೊಳ್ಳಬಹುದು. ಬೀದಿಯಲ್ಲಿ ಸುತ್ತುವುದಕ್ಕೆ ಮಾತ್ರ ಕಾಲಮಿತಿಯುಂಟು. ಹೊತ್ತು ಮೀರಿತೋ, ‘ಸ್ಕೇಟ್ ಆರ್ ಡೈ’, ಎಂದರೆ ‘ಓಡು, ಇಲ್ಲವೆ ಸಾಯಿ’ ಎಂಬ ಗರ್ಜನೆ ಕೇಳಿಸುತ್ತದೆ. ಎಲ್ಲಿಂದಲೋ ಜೇನ್ನೊಣಗಳ ಹಿಂಡೊಂದು ಎದ್ದು ಅಟ್ಟಿಬರುತ್ತದೆ. ಟಿಕೇಟು ಕೈಯಲ್ಲಿದ್ದು, ಜೇನು ಮುತ್ತುವ ಮುನ್ನ ಅಂಗಣವನ್ನು ಹೊಕ್ಕರೆ ಬದುಕಿದ. ಇಲ್ಲವಾದರೆ ಆಟ ಮುಗಿಯಿತು. ಮುಂದುವರಿಸಬೇಕಾದರೆ ಯಂತ್ರಕ್ಕೆ ಮತ್ತೆ ನಾಣ್ಯ ಹಾಕಬೇಕು.

ಈಗ ಗುಣಗಳನ್ನು ನೋಡೋಣ. ಮೊದಲನೆಯ ಗುಣ ಕೈಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಇಂಥ ಯಂತ್ರಗಳಲ್ಲಿ ಹಿಡಿಯುವ ಕೋಲು ಅತ್ತಿತ್ತ, ಮೇಲೆ ಕೆಳಗೆ ವಾಲುತ್ತದೆ. ಇದರಲ್ಲಿ ಹಾಗಲ್ಲ, ಕೋಲು ವೃತ್ತಾಕಾರವಾಗಿ ಸುತ್ತುತ್ತದೆ. ಹುಡುಗ ಗಾಳಿಯಲ್ಲಿದ್ದಾಗ ನಾವು ಕೋಲನ್ನು ಸುತ್ತಿಸಿದಷ್ಟೂ ಅವನು ಗಿರಕಿ ಹೊಡೆಯುತ್ತಾನೆ. ಎರಡು ಪೂರ್ಣ ಸುತ್ತು ಸುತ್ತಿದರೆ 720 ಡಿಗ್ರಿ. ಆಟದ ಹೆಸರೂ ಅದೇ. ಆದರೆ ಸುತ್ತಿದರೆ ಸಾಲದು, ನೆಲಕ್ಕೆ ತಾಗುವ ಹೊತ್ತಿಗೆ ಹಲಗೆ ಸಾಗುವ ದಿಕ್ಕಿಗೆ ಸರಿಯಾಗಿ ತಿರುಗಿರಬೇಕು, ಓರೆಯಾದರೆ ಬೀಳುತ್ತಾನೆ. ಎಷ್ಟು ಸುತ್ತಬೇಕು ಎಂಬ ಆಸೆ, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ, ಇವೆರಡೂ ಒಂದೇ ಕೈಯಲ್ಲಿ, ಒಂದೇ ಕ್ಷಣದಲ್ಲಿ ಕೂಡಬೇಕು. ಬುಗುರಿಗೆ ಚಾಟಿ ಸುತ್ತಿ ಎಸೆಯುವ ಹುಡುಗನ ಕೈಗೆ ಈ ವಿವೇಕ ತಿಳಿಯುತ್ತದೆ. ಬಾಯಲ್ಲಿ ಹೇಳೆಂದರೆ ಅವನಿಗೆ ಬಾರದು. ವಸ್ತುವಿಗೆ ತಕ್ಕ ರೂಪ ಎಂದು ಕಾವ್ಯದಲ್ಲಿ ನಾವು ಹೇಳುವ ಗುಣ ಇಲ್ಲಿ ಮರ-ಕಬ್ಬಿಣಗಳಲ್ಲಿ ಸಿದ್ಧಿಸಿದೆ. ಈ ಆಟವನ್ನು ರಚಿಸಿದ ಜಾನ್ ಸಾಲ್ವಿಟ್ಸ್ ಮತ್ತು ಡೇವ್ ರಾಲ್‌ಸ್ಟನ್ ಎಂಬುವರು ಇದಕ್ಕೆ ಮುಂಚೆ ‘ಪೇಪರ್‌ಬಾಯ್’ ಎಂಬ ಆಟವನ್ನು ರಚಿಸಿದ್ದರು. ಮನೆಮನೆಗೆ ಪತ್ರಿಕೆ ಎಸೆಯುವ ಹುಡುಗನ ಆ ಆಟದ ಯಂತ್ರಕ್ಕೆ ಕೋಲಿನ ಬದಲು ಸೈಕಲ್ಲಿನ ಹಿಡಿಯನ್ನೇ ಜೋಡಿಸಿದ್ದರು. ದೇಹ ಬಲ್ಲುದನ್ನು ಯಂತ್ರವೂ ಬಲ್ಲಂತೆ ಮಾಡಬೇಕೆಂಬುದು ಅವರ ಹಟವಾಗಿದ್ದಿರಬೇಕು.

ಎರಡನೆಯ ಗುಣ, ಊರನ್ನೇ ಆಟದ ಬಯಲಾಗಿ ಕಂಡದ್ದು. ಹಿಂದಿನ ಆಟಗಳು ಬಹುಮಟ್ಟಿಗೆ ಒಂದು ಸ್ಪರ್ಧೆಯಾದ ಮೇಲೆ ಇನ್ನೊಂದನ್ನು ಪಟ್ಟಿಯಂತೆ ಮುಂದಿಡುತ್ತಿದ್ದುವು. ಇಲ್ಲಿ ಸ್ಪರ್ಧೆಗೂ ಸ್ಪರ್ಧೆಗೂ ನಡುವಣ ದಾರಿಯೇ ಆಟವಾಗಿದೆ. ಅಂಗಣಕ್ಕೆ ಹೋಗುವ ಬೀದಿಯಲ್ಲಿ ಒಂದು ಇಳಿಜಾರು ಕಂಡರೆ ಅದು ಹಾರುವುದಕ್ಕೆ ಕರೆ. ಒಂದು ದಂಡೆ ಕಂಡರೆ ಅದು ಏರುವುದಕ್ಕೆ ಕರೆ. ದೊಡ್ಡವರು ನಡೆಯುವುದಕ್ಕೆಂದು ಮಾಡಿದ್ದನ್ನು ಮಕ್ಕಳು ಆಡುವುದಕ್ಕೆಂದು ಓದಿಕೊಳ್ಳುತ್ತಾರೆ. ದೇವಸ್ಥಾನದ ಜಗಲಿ, ಕಟ್ಟುತ್ತಿರುವ ಮನೆಯ ಮರಳುರಾಶಿ, ಒಣಗಿದ ಕೆರೆಯಂಗಳ, ಇವು ನಮ್ಮ ಮಕ್ಕಳ ಕಣ್ಣಿಗೆ ಹೇಗೆ ಕಾಣುತ್ತವೆಯೋ, ಸ್ಕೇಟ್ ಸಿಟಿಯ ಹುಡುಗನ ಕಣ್ಣಿಗೆ ಅವನ ನಗರ ಹಾಗೆ ಕಾಣುತ್ತದೆ. ಯಂತ್ರದ ಪೆಟ್ಟಿಗೆಯ ನೆತ್ತಿಯ ಮೇಲೆ ಆ ಕಾಲದ ಬೀದಿಹುಡುಗರು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ದೊಡ್ಡ ಟೇಪ್ ರೆಕಾರ್ಡರಿನ ಆಕಾರದಲ್ಲಿ ಧ್ವನಿವರ್ಧಕಗಳನ್ನು ಇರಿಸಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ಬೀದಿಯ ನೋಟ, ಬೀದಿಯ ದನಿ, ಎರಡನ್ನೂ ರಚಕರು ಬಿಡಲಿಲ್ಲ.

ಮೂರನೆಯದಾಗಿ ಜೇನಿನ ಮಾತು. ಇದನ್ನು ಗುಣವೆನ್ನಬೇಕೆ, ದೋಷವೆನ್ನಬೇಕೆ ಎಂದು ಬಹಳ ಯೋಚಿಸಿದ್ದೇನೆ. ಇದರ ಲೌಕಿಕ ಕಾರಣ ಸ್ಪಷ್ಟವಾಗಿಯೇ ಇದೆ. ನಾಣ್ಯ ನುಂಗುವ ಯಂತ್ರದ ಮುಂದೆ ಒಬ್ಬನೇ ಗಂಟೆಗಟ್ಟಲೆ ನಿಂತರೆ ಅಂಗಡಿಯವನಿಗೆ ನಷ್ಟ. ಅವನನ್ನು ಎಬ್ಬಿಸಿ ಇನ್ನೊಬ್ಬನನ್ನು ನಿಲ್ಲಿಸಬೇಕು. ಜೇನು ಅಂಗಡಿಯವನ ಜೀತದಾಳು. ಆದರೆ ಕೊರತೆಯಿಂದ ಹುಟ್ಟಿದ್ದು ಕೆಲವೊಮ್ಮೆ ಅರ್ಥವಾಗಿ ಬೆಳೆಯುವುದುಂಟು. ಅಂಗಣವುಳ್ಳವರಿಗೆ ಆಟ, ಬೀದಿಯಲ್ಲಿ ನಿಂತವರಿಗೆ ಅಟ್ಟುವಿಕೆ. ಟಿಕೇಟು ಇದ್ದರೆ ಬಾಗಿಲು, ಇಲ್ಲದಿದ್ದರೆ ಕಡಿತ: ಇದು 1980ರ ದಶಕದ ಆ ಹುಡುಗರ ನಿಜವಾದ ಸ್ಥಿತಿಯೇ ಆಗಿತ್ತು. ರಚಕರು ಇದನ್ನು ತಿಳಿದೇ ಮಾಡಿದರೋ, ತಿಳಿಯದೆ ಮಾಡಿದರೋ. ಕೃತಿಯಲ್ಲಂತೂ ಆ ಧ್ವನಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನಿನ ಸ್ವಭಾವವನ್ನು ತಲೆತಲಾಂತರದಿಂದ ಬಲ್ಲವರು. ತನ್ನ ಪಾಡಿಗೆ ತಾನು ಹೋಗುವವನನ್ನು ಹೆಜ್ಜೇನು ಹುಡುಕಿಕೊಂಡು ಬಂದು ಅಟ್ಟುವುದಿಲ್ಲವೆಂದು ಅವರು ಹೇಳಿಯಾರು. ಸ್ಕೇಟ್ ಸಿಟಿಯ ಜೇನು ಯಾವ ಗೂಡನ್ನೂ ಕೆಣಕದವನನ್ನೇ ಅಟ್ಟುತ್ತದೆ. ಆದುದರಿಂದ ಅದು ಕಾಡಿನ ಜೇನಲ್ಲ, ನಗರದ್ದೇ ಜೇನು. ಈ ಚಿತ್ರದ ಬಲದಿಂದಲೇ ‘ಸ್ಕೇಟ್ ಆರ್ ಡೈ’ ಎಂಬ ಆ ಕೂಗು ಆಡಿದವರ ನೆನಪಿನಲ್ಲಿ ನಿಂತಿತೆಂದು ಕಾಣುತ್ತದೆ. ಅದೇ ಮಾತು 1987ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಬೇರೊಂದು ಸ್ಕೇಟ್‌ಬೋರ್ಡ್ ಆಟದ ಹೆಸರೂ ಆಗಿದೆ.

ಇನ್ನು ದೋಷಗಳು. ಮೊದಲನೆಯದು, ಮೇಲೆ ಹೇಳಿದ ಮೊದಲ ಗುಣದ ನೆರಳು. ಈ ಆಟದ ಪ್ರಾಣ ಆ ಸುತ್ತುವ ಕೋಲಿನಲ್ಲಿದೆ; ಕೋಲಿಲ್ಲದೆಡೆ ಪ್ರಾಣವಿಲ್ಲ. 1987ರಲ್ಲಿ ಕಮೊಡೋರ್ 64 ಮೊದಲಾದ ಮನೆಯ ಕಂಪ್ಯೂಟರುಗಳಿಗೂ, 1989ರಲ್ಲಿ ನಿಂಟೆಂಡೋ ಯಂತ್ರಕ್ಕೂ ಇದನ್ನು ಇಳಿಸಿದರು. ಆ ಮನೆಗಳಲ್ಲಿ ಇದ್ದದ್ದು ಸಾಧಾರಣವಾದ ಕೋಲು, ಇಲ್ಲವೆ ಗುಂಡಿಗಳು. ನಾನು ಈ ಆಟವನ್ನು ಆಡಿರುವುದು ಕಂಪ್ಯೂಟರಿನ ಕೀಲಿಮಣೆಯ ಮೇಲೆ. ಬಾಣದ ಗುರುತಿನ ನಾಲ್ಕು ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿ ವೃತ್ತವನ್ನು ಬರೆಯಹೊರಟರೆ ಅದು ಚೌಕವಾಗುತ್ತದೆ. ಗಿರಕಿ ಹೊಡೆಯಬೇಕಾದ ಹುಡುಗ ಗೋಡೆಗೆ ಹೋಗಿ ಬಡಿಯುತ್ತಾನೆ. ಒಳ್ಳೆಯ ಪದ್ಯ ಭಾಷಾಂತರದಲ್ಲಿ ಸ್ವಲ್ಪ ಬಾಡಿದರೂ ಬದುಕುತ್ತದೆ. ಬರಿಯ ನಾದವನ್ನೇ ನಂಬಿದ ಪದ್ಯ ಸಾಯುತ್ತದೆ. ‘720 ಡಿಗ್ರಿ’ ಈ ಎರಡನೆಯ ಜಾತಿಗೆ ಬಹಳ ಹತ್ತಿರದ್ದು.

ಎರಡನೆಯ ದೋಷ ಕಲಿಕೆಗೆ ಸಂಬಂಧಿಸಿದ್ದು. ಉಪಾಧ್ಯಾಯರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಹೊಸಬನಿಗೆ ಕೋಲಿನ ಹದ ಸಿಕ್ಕುವ ಮುನ್ನವೇ ಜೇನು ಬಂದುಬಿಡುತ್ತದೆ. ಕಲಿಯಬೇಕಾದರೆ ತಪ್ಪಬೇಕು, ತಪ್ಪಬೇಕಾದರೆ ಹೊತ್ತು ಬೇಕು. ಇಲ್ಲಿ ಹೊತ್ತೆಂದರೆ ನಾಣ್ಯ. ಜೇಬಿನಲ್ಲಿ ಹತ್ತು ನಾಣ್ಯವಿದ್ದವನು ಹತ್ತು ಸಲ ತಪ್ಪಿ ಹನ್ನೊಂದನೆಯ ಸಲಕ್ಕೆ ಹದವನ್ನು ಅರಿತಾನು. ಒಂದೇ ನಾಣ್ಯ ತಂದವನು ತನಗೆ ಈ ವಿದ್ಯೆ ಬಾರದೆಂದು ತಿಳಿದು ಹಿಂದಿರುಗುತ್ತಾನೆ. ಬಾರದ್ದು ವಿದ್ಯೆಯಲ್ಲ, ಎರಡನೆಯ ನಾಣ್ಯ. ನಗರದೊಳಗಣ ಅಂಗಡಿಗಳೂ ಇದೇ ನ್ಯಾಯವನ್ನು ಅನುಸರಿಸುತ್ತವೆ. ಪದಕ ಗೆದ್ದವನಿಗೆ ಹಣ, ಹಣದಿಂದ ಒಳ್ಳೆಯ ಬೂಟು, ಒಳ್ಳೆಯ ಹಲಗೆ. ಅವುಗಳಿಂದ ಮತ್ತೆ ಪದಕ. ಸೋತವನು ಹಳೆಯ ಹಲಗೆಯ ಮೇಲೆಯೇ ಕಷ್ಟತರವಾದ ಮುಂದಿನ ಹಂತವನ್ನು ಎದುರಿಸಬೇಕು. ಮುಂದೆ ಇರುವವನಿಗೆ ಗಾಳಿ ಹಿಂದಿನಿಂದ ಬೀಸುವಂತೆಯೂ, ಹಿಂದೆ ಬಿದ್ದವನಿಗೆ ಎದುರಿನಿಂದ ಬೀಸುವಂತೆಯೂ ಕಟ್ಟಿದ ಈ ಏರ್ಪಾಡು ಲೋಕದಲ್ಲಿ ಸಾಕಷ್ಟಿದೆ; ಆಟಕ್ಕೆ ಅದನ್ನು ತರಬೇಕಾಗಿರಲಿಲ್ಲ.

ಮೂರನೆಯದು ವೈವಿಧ್ಯದ ಕೊರತೆ. ಹಂತಗಳು ನಾಲ್ಕು, ಪ್ರತಿ ಹಂತದಲ್ಲಿಯೂ ಅವೇ ನಾಲ್ಕು ಬಗೆಯ ಅಂಗಣಗಳು. ಕಷ್ಟ ಹೆಚ್ಚುತ್ತದೆ, ಹೊಸತು ಹೆಚ್ಚುವುದಿಲ್ಲ. ಬೀದಿಯಲ್ಲಿ ಅಷ್ಟು ಸ್ವತಂತ್ರನಾಗಿದ್ದ ಹುಡುಗ ಅಂಗಣ ಹೊಕ್ಕೊಡನೆ ಗೆರೆಯೆಳೆದ ದಾರಿಯಲ್ಲಿ ಓಡುವವನಾಗುತ್ತಾನೆ. ಬಹುಮಾನವೆಂದು ಕೊಟ್ಟದ್ದು ಬಯಲಿಗಿಂತ ಕಿರಿದಾಗಿದೆ.

ನಾಲ್ಕನೆಯ ದೋಷ ನನ್ನ ಮನಸ್ಸಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಈ ನಗರದಲ್ಲಿ ಗೆಳೆಯರಿಲ್ಲ. ಬೇರೆಯವರು ಬೀದಿಯಲ್ಲಿ ಕಾಣುತ್ತಾರೆ, ಆದರೆ ದಾರಿಗೆ ಅಡ್ಡವಾಗುವುದಕ್ಕೆ ಮಾತ್ರ. ನಿಜವಾದ ಸ್ಕೇಟ್‌ಬೋರ್ಡಿನ ಆಟ ಹಾಗಿಲ್ಲ. ಒಬ್ಬ ಹಾರುವಾಗ ಹತ್ತು ಜನ ಸುತ್ತ ನಿಂತಿರುತ್ತಾರೆ. ಬಿದ್ದರೆ ಎತ್ತುತ್ತಾರೆ, ನಿಂತರೆ ಹಲಗೆಗಳನ್ನು ನೆಲಕ್ಕೆ ಬಡಿದು ಮೆಚ್ಚುಗೆ ತೋರುತ್ತಾರೆ. ಸಾನ್ ಫ್ರಾನ್ಸಿಸ್ಕೋದಲ್ಲಿ 1999ರ ಜೂನ್ ತಿಂಗಳಿನಲ್ಲಿ ಟೋನಿ ಹಾಕ್ ಎಂಬ ಪ್ರಸಿದ್ಧ ಆಟಗಾರ ಗಾಳಿಯಲ್ಲಿ ಎರಡೂವರೆ ಸುತ್ತು ಸುತ್ತಿ, ಎಂದರೆ 900 ಡಿಗ್ರಿ ತಿರುಗಿ, ನೆಲದ ಮೇಲೆ ನಿಂತನು. ಅದಕ್ಕೆ ಮೊದಲು ಅಲ್ಲಿಯೇ ಮತ್ತೆ ಮತ್ತೆ ಬಿದ್ದಿದ್ದನು. ಸ್ಪರ್ಧೆಯ ಹೊತ್ತು ಮುಗಿದಿತ್ತು. ಆದರೂ ಸಹ ಆಟಗಾರರು ಸುತ್ತ ನಿಂತು, ಇನ್ನೊಮ್ಮೆ ಯತ್ನಿಸೆಂದು ಹುರಿದುಂಬಿಸಿದರು. ಹೊತ್ತು ಮೀರಿದವನನ್ನು ಅಲ್ಲಿ ಜೇನು ಅಟ್ಟಲಿಲ್ಲ, ಗೆಳೆಯರು ಕಾದರು. ಅದೇ ವರ್ಷ ಅವನ ಹೆಸರಿನಲ್ಲಿಯೇ ನೆವರ್‌ಸಾಫ್ಟ್ ಎಂಬ ಸಂಸ್ಥೆ ಒಂದು ವಿಡಿಯೋ ಗೇಮನ್ನು ರಚಿಸಿತು, ಅದು ಲೋಕಪ್ರಸಿದ್ಧವಾಯಿತು. ಅದರಲ್ಲಿ ಎರಡು ನಿಮಿಷದ ಕಾಲಮಿತಿ ಉಳಿಯಿತು, ಜೇನು ಹೋಯಿತು. ಹೊತ್ತು ಮುಗಿದರೆ ಮತ್ತೆ ಮೊದಲಿನಿಂದ ಆಡಬಹುದು, ನಾಣ್ಯ ಬೇಕಿಲ್ಲ. ಊರನ್ನೇ ಬಯಲಾಗಿ ಕಾಣುವ ಕಣ್ಣು ಮಾತ್ರ ‘720 ಡಿಗ್ರಿ’ಯಲ್ಲಿ ಮೊದಲೇ ತೆರೆದಿತ್ತೆಂಬುದನ್ನು ಮರೆಯಬಾರದು.

ಆಟದ ಬಯಲು ಯಾರಿಗೆ ಎಂಬ ಪ್ರಶ್ನೆ ಆ ಯಂತ್ರದೊಳಗೇ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ‘ಹೋಲಿಸ್ಟೋಕ್ಡ್’ ಎಂಬ ಯುವಕರ ಬಳಗ 2013ರಲ್ಲಿ ಹೊರದೇಶದಿಂದ ಬಂದ ಸ್ನೇಹಿತರೊಡನೆ ಸೇರಿ, ತಾವೇ ಸಿಮೆಂಟು ಕಲಸಿ, ಸ್ಕೇಟ್‌ಬೋರ್ಡಿನ ಅಂಗಣವೊಂದನ್ನು ಕಟ್ಟಿತು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬುದೊಂದು ಚಿಕ್ಕ ಹಳ್ಳಿ. ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಮಹಿಳೆ 2015ರಲ್ಲಿ ಅಲ್ಲಿ ಇಂಥದೇ ಅಂಗಣವನ್ನು ಕಟ್ಟಿಸಿದರು. ಆದಿವಾಸಿ ಮಕ್ಕಳೂ ಯಾದವರ ಮಕ್ಕಳೂ ಒಂದೇ ಹಲಗೆಯನ್ನು ಹಂಚಿಕೊಂಡು ಆಡಿದರು. ಅಲ್ಲಿಯೂ ಟಿಕೇಟಿನಂಥದೊಂದು ನಿಯಮ ಉಂಟು: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ. ಇನ್ನೊಂದು ನಿಯಮ: ಹೆಣ್ಣುಮಕ್ಕಳಿಗೆ ಮೊದಲ ಸರದಿ. ಸ್ಕೇಟ್ ಸಿಟಿಯ ಟಿಕೇಟು ಚೆನ್ನಾಗಿ ಆಡಬಲ್ಲವನಿಗೆ ಬಾಗಿಲು ತೆರೆಯುತ್ತದೆ. ಜನ್ವಾರಿನ ನಿಯಮ ಇನ್ನೂ ಆಡಲಾರದವಳಿಗೆ ತೆರೆಯುತ್ತದೆ. ನಿಯಮವಿಲ್ಲದ ಆಟವಿಲ್ಲ. ಆದರೆ ನಿಯಮ ಯಾರ ಕಡೆಗೆ ನಿಂತಿದೆ ಎಂಬುದರಲ್ಲಿ ಆಟದ ಧರ್ಮ ಅಡಗಿದೆ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಸ್ಕೇಟ್‌ಬೋರ್ಡ್ ಮೊದಲ ಬಾರಿಗೆ ಅಲ್ಲಿ ಪ್ರವೇಶ ಪಡೆಯಿತು. ಮಹಿಳೆಯರ ಬೀದಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಳಿಗೆ ಆಗ ಹದಿಮೂರೇ ವರ್ಷ. ಒಂದು ಕಾಲಕ್ಕೆ ಬೀದಿಯಿಂದ ಅಟ್ಟಿಸಿಕೊಂಡ ಆಟ ‘ಬೀದಿ’ ಎಂಬ ಹೆಸರಿನಿಂದಲೇ ಲೋಕಮನ್ನಣೆ ಪಡೆದಂತಾಯಿತು.

ಕೊನೆಗೆ ಹೊಲದ ಬದುವಿನ ಹುಡುಗನಿಗೆ ಬರುತ್ತೇನೆ. ಅವನ ಮೊಬೈಲಿನ ಆಟಗಳಲ್ಲಿ ಅನೇಕವು ಪುಕ್ಕಟೆಯಾಗಿ ದೊರೆಯುತ್ತವೆ. ನಾಣ್ಯ ಬೇಡ, ಜೇನಿಲ್ಲ, ‘ಸಾಯಿ’ ಎಂಬ ಗರ್ಜನೆಯೂ ಇಲ್ಲ. ಮೇಲುನೋಟಕ್ಕೆ ಇದು ಹಳೆಯ ದೋಷಗಳೆಲ್ಲ ಕಳೆದುಹೋದ ಸ್ಥಿತಿ. ಆದರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು ನೋಡಿದರೆ ಬೇರೊಂದು ಏರ್ಪಾಡು ಕಣ್ಣಿಗೆ ಬೀಳುತ್ತದೆ. ನಡುನಡುವೆ ಜಾಹೀರಾತು, ದಿನಕ್ಕೊಮ್ಮೆ ಬಂದು ಹೋಗೆಂದು ಪುಟ್ಟ ಬಹುಮಾನದ ಆಮಿಷ, ಕಾಯಲಾರದವನಿಗೆ ಹಣ ಕೊಟ್ಟು ಮುಂದೆ ಹೋಗುವ ದಾರಿ. ಹಳೆಯ ಯಂತ್ರ ಆಟಗಾರನನ್ನು ಬೇಗ ಕಳಿಸಬೇಕೆಂದು ಜೇನನ್ನು ಬಿಡುತ್ತಿತ್ತು. ಹೊಸದು ಅವನನ್ನು ಕಳಿಸಲೇಬಾರದೆಂದು ಜೇನುತುಪ್ಪವನ್ನು ಸವರುತ್ತದೆ. ಮೊದಲನೆಯದರ ಬೆಲೆ ಪೆಟ್ಟಿಗೆಯ ಮೇಲೆ ಬರೆದಿತ್ತು. ಕೊಟ್ಟವನಿಗೆ ತಾನು ಕೊಟ್ಟದ್ದೆಷ್ಟು ಎಂಬುದು ತಿಳಿದಿರುತ್ತಿತ್ತು. ಎರಡನೆಯದರ ಬೆಲೆಯನ್ನು ಹುಡುಗ ಹೊತ್ತಿನಲ್ಲಿ ತೆರುತ್ತಾನೆ, ತೆತ್ತದ್ದು ಅವನಿಗೆ ತಿಳಿಯುವುದಿಲ್ಲ. ಕ್ರೂರವಾದರೂ ಪ್ರಾಮಾಣಿಕವಾದದ್ದು ಯಾವುದು, ಮೃದುವಾದರೂ ಕಪಟವಾದದ್ದು ಯಾವುದು ಎಂಬ ವಿವೇಚನೆಗೆ ‘720 ಡಿಗ್ರಿ’ ನನಗೆ ಅಳತೆಗೋಲಾಗಿ ಒದಗಿದ್ದು ಹೀಗೆ.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ಕೈಯ ಅರಿವಿನಲ್ಲಿ ಈ ಆಟ ಉತ್ತಮ, ಊರನ್ನು ಕಾಣುವ ಕಣ್ಣಿನಲ್ಲಿ ಉತ್ತಮ, ಕಲಿಯುವವನ ಬಗೆಗಿನ ಕರುಣೆಯಲ್ಲಿ ಕನಿಷ್ಠ, ಗೆಳೆತನದಲ್ಲಿ ಶೂನ್ಯ. ಈ ನಾಲ್ಕು ಪ್ರಶ್ನೆಗಳನ್ನು ಯಾವ ಆಟಕ್ಕಾದರೂ ಹಾಕಬಹುದು: ಇದು ಕೈಗೆ ಏನನ್ನು ಕಲಿಸುತ್ತದೆ? ಕಣ್ಣಿಗೆ ಏನನ್ನು ತೋರಿಸುತ್ತದೆ? ತಪ್ಪಿದವನಿಗೆ ಮತ್ತೊಂದು ಸರದಿ ಕೊಡುತ್ತದೆಯೆ? ಪಕ್ಕದವನನ್ನು ಗೆಳೆಯನನ್ನಾಗಿ ಮಾಡುತ್ತದೆಯೆ? ತರಗತಿಯಲ್ಲಿ ಪದ್ಯದ ಗುಣದೋಷಗಳನ್ನು ಕೇಳುವ ಉಪಾಧ್ಯಾಯರು ಒಮ್ಮೆ ಮಕ್ಕಳಿಗೆ ಅವರವರ ಆಟದ ಗುಣದೋಷಗಳನ್ನು ಬರೆಯಹೇಳಬೇಕು. ಮೊಬೈಲಿನ ಆಟವನ್ನೂ ಬರೆಯಲಿ, ಚಿಣ್ಣಿದಾಂಡನ್ನೂ ಬರೆಯಲಿ, ಬೇರಿಂಗ್ ಗಾಡಿಯನ್ನೂ ಬರೆಯಲಿ. ಪ್ರಬಂಧಗಳನ್ನು ತಿದ್ದಿದ ಮೇಲೆ, ಆ ಗಾಡಿಯನ್ನು ಬಿಡುವುದಕ್ಕೆ ಊರಿನಲ್ಲಿ ಲಾರಿ-ಬಸ್ಸುಗಳ ಭಯವಿಲ್ಲದ ಒಂದು ಇಳಿಜಾರು ಉಳಿದಿದೆಯೆ ಎಂದು ದೊಡ್ಡವರು ಒಮ್ಮೆ ಹೋಗಿ ನೋಡಿಕೊಂಡು ಬಂದರೆ ಇನ್ನೂ ಒಳ್ಳೆಯದು.